ನಿರ್ವಾತದಿಂದ ಕೈಹಿಡಿಗೆ: ಜೀಪಿನ ಮುಂದಿನ ಗಾಲಿಗಳ ಕಥೆ

ಕಳೆದ ಆಷಾಢದಲ್ಲಿ ಊರಿನಿಂದ ಭಾವನವರ ಫೋನು ಬಂತು. ಅವರ ಮನೆಯಿರುವುದು ಕಳಸದಿಂದಾಚೆ, ಗುಡ್ಡದ ನೆತ್ತಿಯ ಮೇಲೆ. ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ. ಉಳಿದದ್ದೆಲ್ಲ ಮಳೆ ಮತ್ತು ಜಿಗಣೆ. ಡಾಂಬರು ರಸ್ತೆಯಿಂದ ಮನೆಗೆ ಎರಡು ಮೈಲಿ ಮಣ್ಣಿನ ದಾರಿ. ಆ ಎರಡು ಮೈಲಿಗಾಗಿಯೇ ಅವರು ನಾಲ್ಕೂ ಗಾಲಿಗಳು ಎಳೆಯುವ ಗಾಡಿಯೊಂದನ್ನು ಇಟ್ಟುಕೊಂಡಿದ್ದಾರೆ.

"ಏ ಮಾರಾಯ, ಮುಂಬಯಿಯಲ್ಲಿ ಸಿಗದ ಸಾಮಾನೇ ಇಲ್ಲ ಅಂತೀಯಲ್ಲ, ಒಂದು ಸಾಮಾನು ಹುಡುಕಿ ಕೊಡು" ಎಂದು ಮಾತು ತೆಗೆದರು. ಸಂಗತಿ ಇಷ್ಟೆ. ಹಿಂದಿನ ವಾರ ನಡುರಾತ್ರಿ ಅವರ ತಾಯಿಗೆ ಉಸಿರು ಕಟ್ಟಿತು. ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಹಳ್ಳ ದಾಟಿದ ಮೇಲೆ ಒಂದು ಏರು ಇದೆ. ಅಲ್ಲಿ ಫೋರ್‌ವೀಲ್ ಲಿವರ್ ಹಾಕಿದರು. ಎದುರಿನ ಫಲಕದಲ್ಲಿ ದೀಪವೂ ಹೊತ್ತಿತು. ಆದರೆ ಹಿಂದಿನ ಗಾಲಿಗಳು ಕೆಸರು ತೂರಿದುವೇ ಹೊರತು ಮುಂದಿನವು ಅಲುಗಲಿಲ್ಲ. ಲೈನಿನಿಂದ ನಾಲ್ಕು ಮಂದಿ ಆಳುಗಳನ್ನು ಎಬ್ಬಿಸಿ ತಂದು, ಮುಕ್ಕಾಲು ಗಂಟೆ ನೂಕಿ, ಗಾಡಿಯನ್ನು ಮೇಲೆ ಹತ್ತಿಸಬೇಕಾಯಿತು. ದೇವರ ದಯೆ, ಅತ್ತೆಯವರು ಉಳಿದರು. ಮರುದಿನ ಗ್ಯಾರೇಜಿನಲ್ಲಿ ನೋಡಿದರೆ, ಕಿರುಬೆರಳಿಗಿಂತ ಸಪೂರವಾದ ಒಂದು ರಬ್ಬರ್ ನಳಿಗೆ ಒಡೆದು ಬಾಯಿ ಬಿಟ್ಟಿತ್ತು.

"ಇಷ್ಟು ದೊಡ್ಡ ಗಾಡಿ, ಇಷ್ಟು ಸಣ್ಣ ಪೈಪು ನಂಬಿಕೊಂಡು ಕೂತಿತ್ತಲ್ಲ ಮಾರಾಯ!" ಎಂದರು ಭಾವ. ಆ ನಳಿಗೆಯನ್ನು ಬದಲಿಸಿದರೆ ಸಾಲದು, ವ್ಯಾಕ್ಯೂಮ್ ಏರ್ಪಾಡನ್ನೇ ತೆಗೆದುಹಾಕಿ ಕೈಯಿಂದ ನಡೆಯುವಂಥದನ್ನು ಹಾಕಿಸಿಬಿಡಿ ಎಂದು ಅಲ್ಲಿಯ ಮೇಸ್ತ್ರಿ ಸಲಹೆ ಕೊಟ್ಟಿದ್ದನಂತೆ. ಅದಕ್ಕೆ ಬೇಕಾದ ಸಾಮಾನನ್ನು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಯಂತ್ರಶಾಸ್ತ್ರ ಓದಿದವನಲ್ಲ. ಹೊಟೇಲಿನ ಗಲ್ಲೆಯ ಮೇಲೆ ಕೂತು ಅರ್ಧ ಆಯುಷ್ಯ ಕಳೆದವನು. ಆದರೆ ಆ ಸಾಮಾನಿನ ಬೆನ್ನು ಹತ್ತಿ ಹೋದಾಗ ನಾವು ಬಾಳುತ್ತಿರುವ ಈ ಊರಿನ ಕಥೆ, ಜೀಪಿನ ಕಥೆ, ನಾವು ದಿನವೂ ಹತ್ತಿಳಿಯುವ ರೈಲಿನ ಕಥೆ, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವುದು ಕಂಡಿತು. ಅದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ಯುದ್ಧ ಬಿಟ್ಟುಹೋದ ಊರು

ಉಲ್ಹಾಸನಗರದಲ್ಲಿ ಯಾರನ್ನಾದರೂ ವಿಳಾಸ ಕೇಳಿ, ಉತ್ತರ ಕ್ಯಾಂಪಿನ ನಂಬರಿನಿಂದಲೇ ಶುರುವಾಗುತ್ತದೆ. ಒಂದರಿಂದ ಐದರವರೆಗೆ ಕ್ಯಾಂಪುಗಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದು ಕಲ್ಯಾಣದ ಸೈನಿಕ ಶಿಬಿರವಾಗಿತ್ತು. 6,000 ಸೈನಿಕರು, ಅವರಲ್ಲದೆ ಇನ್ನೂ 30,000 ಮಂದಿ ತಂಗುವುದಕ್ಕೆಂದು ಕಟ್ಟಿದ ತಾಣ. ಯುದ್ಧ ಮುಗಿದಾಗ ಎರಡು ಸಾವಿರಕ್ಕೂ ಮಿಕ್ಕ ಬ್ಯಾರಕುಗಳು ಬರಿದಾಗಿ ನಿಂತವು. 1947ರಲ್ಲಿ ದೇಶ ಒಡೆದಾಗ ಸಿಂಧ್ ಪ್ರಾಂತ್ಯದಿಂದ ಉಟ್ಟ ಬಟ್ಟೆಯಲ್ಲಿ ಬಂದವರನ್ನು ಈ ಬ್ಯಾರಕುಗಳಿಗೆ ತಂದಿಳಿಸಿದರು. 1949ರ ಆಗಸ್ಟ್ 8ರಂದು ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಇಲ್ಲಿ ಅಡಿಗಲ್ಲಿಟ್ಟರು. ಪಕ್ಕದಲ್ಲಿ ಹರಿಯುವ ಉಲ್ಹಾಸ ನದಿಯ ಹೆಸರೇ ಊರಿನ ಹೆಸರಾಯಿತು.

ಬಿಟ್ಟುಹೋದದ್ದನ್ನು ಎತ್ತಿಕೊಂಡು ಬಾಳಿದ ಜನ ಇವರು. ಮುರಿದದ್ದನ್ನು ಬಿಚ್ಚಿ, ಹೇಗಿದೆಯೆಂದು ನೋಡಿ, ತಾವೇ ಇನ್ನೊಂದನ್ನು ಮಾಡಿ ಮಾರಿದರು. "ಮೇಡ್ ಇನ್ ಯು.ಎಸ್.ಎ." ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ನು ಎಂಬ ಹಳೆಯ ನಗೆಮಾತು ನಮ್ಮ ಹೊಟೇಲುಗಳ ಮೇಜಿನ ಮೇಲೂ ಸಾವಿರ ಸಲ ಕೇಳಿಬಂದದ್ದೇ. ನಗೆ ಹಾಗಿರಲಿ. ಒಂದು ವಸ್ತುವನ್ನು ಬಿಚ್ಚಿ ನೋಡಿದವನಿಗೆ ಅದರ ಗುಟ್ಟು ಗೊತ್ತಾಗುತ್ತದೆ, ಗುಟ್ಟು ಗೊತ್ತಾದವನಿಗೆ ಅದರ ಹೆದರಿಕೆ ಇರುವುದಿಲ್ಲ. ಆ ವಿದ್ಯೆಯನ್ನು ಈ ಊರು ಬಡತನದಲ್ಲಿ ಕಲಿಯಿತು.

ನನಗೆ ಪರಿಚಯದ ಸಿಂಧಿ ಮುದುಕರೊಬ್ಬರು ಇಲ್ಲಿ ಗ್ಯಾರೇಜು ನಡೆಸಿದವರು. ಈಗ ಕೆಲಸವನ್ನು ಮಕ್ಕಳು ನೋಡಿಕೊಳ್ಳುತ್ತಾರೆ; ಇವರು ಬಾಗಿಲಲ್ಲಿ ಕುರ್ಚಿ ಹಾಕಿ ಕೂರುತ್ತಾರೆ. ಎಲ್ಲರ ಬಾಯಲ್ಲೂ ಅವರು ಕಾಕಾ. ಭಾವನವರ ಕಥೆ ಹೇಳಿದೆ. ಕಾಕಾ ನಕ್ಕು, "ಅಣ್ಣಾ, ನಿಮ್ಮ ಭಾವನ ಗಾಡಿಗೆ ರೋಗ ಗಾಲಿಯಲ್ಲಿಲ್ಲ, ಉಸಿರಿನಲ್ಲಿದೆ" ಎಂದರು. ಮತ್ತೆ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ಸೀಸದ ಕಡ್ಡಿಯಿಂದ ಚಿತ್ರ ಬರೆದು ತೋರಿಸತೊಡಗಿದರು.

ಮೂರು ಕೋಲುಗಳ ಗಾಡಿ

ಕಥೆ ಶುರುವಾಗುವುದು 1940ರಲ್ಲಿ. ಯುರೋಪಿನ ಯುದ್ಧ ತನ್ನ ಬಾಗಿಲಿಗೂ ಬಂದೀತೆಂದು ಎಣಿಸಿದ ಅಮೆರಿಕದ ಸೈನ್ಯ, ಹಗುರವಾದ, ನಾಲ್ಕೂ ಗಾಲಿಗಳಿಂದ ಎಳೆಯುವ ಸಣ್ಣ ವಾಹನವೊಂದು ಬೇಕೆಂದು 135 ಕಂಪೆನಿಗಳಿಗೆ ಬರೆಯಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿ 49 ದಿನಗಳ ಗಡುವಿನೊಳಗೆ ಮೊದಲ ಗಾಡಿಯನ್ನು ಸಿದ್ಧಪಡಿಸಿ, ಅದೇ ವರ್ಷದ ಸಪ್ಟೆಂಬರ್ 23ರಂದು ಒಪ್ಪಿಸಿತು. ಆದರೆ ದೊಡ್ಡ ಸಂಖ್ಯೆಯಲ್ಲಿ ಮಾಡಿಕೊಟ್ಟವರು ವಿಲ್ಲೀಸ್ ಮತ್ತು ಫೋರ್ಡ್ ಕಂಪೆನಿಯವರು. ಯುದ್ಧ ಮುಗಿಯುವಷ್ಟರಲ್ಲಿ ಆರು ಲಕ್ಷಕ್ಕಿಂತ ಹೆಚ್ಚು ಜೀಪುಗಳು ತಯಾರಾಗಿದ್ದವು.

ಆ ಜೀಪಿನ ನೆಲದಲ್ಲಿ ಮೂರು ಕೋಲುಗಳಿದ್ದವು. ಒಂದು ಗೇರು ಬದಲಿಸುವುದಕ್ಕೆ. ಇನ್ನೊಂದು ಮುಂದಿನ ಅಚ್ಚಿಗೂ ಶಕ್ತಿ ಕೊಡುವುದಕ್ಕೆ. ಮೂರನೆಯದು ವೇಗವನ್ನು ಇಳಿಸಿ ಎಳೆತವನ್ನು ಹೆಚ್ಚಿಸುವ 'ಲೋ'ಗೆ. ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಕೋಲು ಎಳೆದರೆ ಅದರೊಳಗೆ ಹಲ್ಲಿಗೆ ಹಲ್ಲು ಕೂಡುತ್ತಿತ್ತು. ನಡುವೆ ಗಾಳಿಯೂ ಇಲ್ಲ, ವಿದ್ಯುತ್ತೂ ಇಲ್ಲ. ಕೂಡಿತೋ ಇಲ್ಲವೋ ಎಂಬುದು ಅಂಗೈಗೆ ತಿಳಿಯುತ್ತಿತ್ತು.

ಯುದ್ಧ ಮುಗಿದಾಗ ಸೈನ್ಯದ ಹೆಚ್ಚುವರಿ ವಾಹನಗಳು ಡಿಸ್ಪೋಸಲ್ಲಿನಲ್ಲಿ ಮಾರಾಟವಾದವು. 1945ರಲ್ಲಿ ಮಹೀಂದ್ರ ಎಂಡ್ ಮಹಮದ್ ಎಂಬ ಕಂಪೆನಿ ಹುಟ್ಟಿತು. ಪಾಲುದಾರರಾದ ಮಲಿಕ್ ಗುಲಾಮ್ ಮಹಮ್ಮದರು ವಿಭಜನೆಯ ತರುವಾಯ ಪಾಕಿಸ್ತಾನಕ್ಕೆ ಹೋಗಿ ಅಲ್ಲಿ ಅರ್ಥಸಚಿವರಾದರು, ಮುಂದೆ ಗವರ್ನರ್ ಜನರಲ್ಲರೂ ಆದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಎಂಡ್ ಮಹೀಂದ್ರ ಆಯಿತು. ಅಮೆರಿಕದಿಂದ ಬಿಡಿಬಿಡಿಯಾಗಿ ಬಂದ ಜೀಪುಗಳನ್ನು ನಮ್ಮ ಮುಂಬಯಿಯ ಮಝಗಾಂವಿನಲ್ಲಿ ಜೋಡಿಸತೊಡಗಿದರು. ವಿಭಜನೆ ಸಿಂಧಿಗಳನ್ನು ಕಲ್ಯಾಣಕ್ಕೆ ತಂದ ಕಾಲಕ್ಕೇ ಜೀಪೂ ಮುಂಬಯಿಯ ಪ್ರಜೆಯಾಯಿತು. ನಮ್ಮವರೂ ಆಗ ಹಡಗಿನಲ್ಲಿ, ಬಸ್ಸಿನಲ್ಲಿ, ಹುಬ್ಬಳ್ಳಿ ಮೀರಜಗಳ ಮೇಲಿನ ರೈಲಿನಲ್ಲಿ ಈ ನಗರಕ್ಕೆ ಬಂದು ಇಳಿಯುತ್ತಿದ್ದರು.

ಜೀಪು ಮಾತ್ರ ನಾವು ಬಂದ ದಾರಿಯಲ್ಲೇ ಹಿಂದಿರುಗಿ ಹೋಯಿತು. ಕೊಡಗು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಸೀಮೆಗಳ ಕಾಫಿ ತೋಟಗಳಲ್ಲಿ ಅದು ಮನೆಯ ಎತ್ತಿನಂತೆ ಆಯಿತು. ಗೊಬ್ಬರ, ಕಾಫಿ ಮೂಟೆ, ಮದುವೆ ದಿಬ್ಬಣ, ಬಾಣಂತಿ, ಹೆಣ, ಎಲ್ಲವನ್ನೂ ಅದೇ ಹೊತ್ತಿತು.

ಇಳಿದು ತಿರುಗಿಸುವ ಬೀಗ

ಹಳೆಯ ಜೀಪಿನಲ್ಲಿ ಒಂದು ಕೊರತೆಯಿತ್ತು. ಒಳ್ಳೆಯ ರಸ್ತೆಯಲ್ಲಿ ಮುಂದಿನ ಅಚ್ಚಿಗೆ ಶಕ್ತಿ ಕೊಡದಿದ್ದರೂ, ಗಾಲಿಗಳು ಉರುಳುವಾಗ ಅವುಗಳೊಂದಿಗೆ ಒಳಗಿನ ಸರಳು, ಹಲ್ಲುಚಕ್ರ, ಟ್ರಾನ್ಸ್‌ಫರ್ ಕೇಸಿಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಎಲ್ಲವೂ ವೃಥಾ ತಿರುಗುತ್ತಿದ್ದವು. ಎಣ್ಣೆಯೂ ಖರ್ಚು, ಸವಕಳಿಯೂ ಹೆಚ್ಚು, ಸದ್ದೂ ಹೆಚ್ಚು. ಯುದ್ಧಭೂಮಿಯಲ್ಲಿ ಅದರ ಲೆಕ್ಕ ಯಾರಿಗೂ ಬೇಡ. ಸಂಸಾರಸ್ಥನಿಗೆ ಬೇಕು.

ಇದಕ್ಕೆ ಉಪಾಯ ಹುಡುಕಿದವರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಆರ್ಥರ್ ವಾರ್ನ್ ಪ್ರಮುಖರು. ಯುದ್ಧದಿಂದ ಮಿಕ್ಕ ಜೀಪುಗಳನ್ನು ಊರ ರಸ್ತೆಗೆ ಒಗ್ಗಿಸುವುದಕ್ಕಾಗಿ ಅವರು 1948ರಲ್ಲಿ ಗಾಲಿಯ ಗುಂಬಕ್ಕೆ ಒಂದು ಬೀಗ ಮಾಡಿದರು. ಗಾಲಿಯ ನಡುವಿನ ಬಿಲ್ಲೆಯನ್ನು ಕೈಯಿಂದ ತಿರುಗಿಸಿದರೆ ಗಾಲಿಯೂ ಒಳಗಿನ ಸರಳೂ ಕೂಡುತ್ತವೆ. ಹಿಂದಕ್ಕೆ ತಿರುಗಿಸಿದರೆ ಬಿಡುತ್ತವೆ. ಬಿಟ್ಟಾಗ ಗಾಲಿ ಮಾತ್ರ ಉರುಳುತ್ತದೆ, ಒಳಗಿನದೆಲ್ಲ ಸುಮ್ಮನಿರುತ್ತದೆ. ನಮ್ಮಲ್ಲಿ ಇದಕ್ಕೆ ಫ್ರೀ ವೀಲಿಂಗ್ ಹಬ್ ಎನ್ನುತ್ತಾರೆ.

ಉಪಾಯ ಒಳ್ಳೆಯದೇ. ಆದರೆ ಕೆಸರಿನಲ್ಲಿ ಸಿಕ್ಕಿದ ಮೇಲೆ ಬುದ್ಧಿ ಬಂದವನು, ಅದೇ ಕೆಸರಿಗೆ ಇಳಿದು, ಮೊಣಕಾಲೂರಿ, ಎರಡೂ ಬದಿಯ ಬಿಲ್ಲೆಗಳನ್ನು ತಿರುಗಿಸಬೇಕು. ಜಡಿಮಳೆಯ ರಾತ್ರಿಯಲ್ಲಿ ಗಾಡಿಯೊಳಗೆ ರೋಗಿಯನ್ನು ಇಟ್ಟುಕೊಂಡವನಿಗೆ ಇದೇನೂ ಸುಖದ ಕೆಲಸವಲ್ಲ. ಕುಳಿತಲ್ಲಿಂದಲೇ ಈ ಬೀಗ ಹಾಕುವಂತಿದ್ದರೆ! ಈ ಆಸೆಯಿಂದ ವ್ಯಾಕ್ಯೂಮ್ ಒಳಹೊಕ್ಕಿತು.

ಎಂಜಿನ್ನಿನ ಉಸಿರು

ನಿರ್ವಾತ ಎಂದರೆ ಏನೂ ಇಲ್ಲದ ಜಾಗ. ಅದಕ್ಕೆ ತನ್ನದೇ ಬಲವಿಲ್ಲ. ಬಲವಿರುವುದು ಹೊರಗಿನ ಗಾಳಿಗೆ. ನಮ್ಮ ಮೈಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ಗಾಳಿ ಒತ್ತುತ್ತಿದೆ. 1643ರಲ್ಲಿ ಇಟಲಿಯ ಟೊರಿಸೆಲ್ಲಿ ಪಾದರಸದ ನಳಿಗೆಯಿಂದ ಇದನ್ನು ತೋರಿಸಿಕೊಟ್ಟ. ಕೆಲವೇ ವರ್ಷಗಳ ಬಳಿಕ ಜರ್ಮನಿಯ ಗೆರಿಕೆ ಎರಡು ಲೋಹದ ಅರ್ಧಗೋಲಗಳನ್ನು ಜೋಡಿಸಿ, ಒಳಗಿನ ಗಾಳಿ ತೆಗೆದು, ಎರಡೂ ಬದಿಗೆ ಕುದುರೆಗಳನ್ನು ಕಟ್ಟಿ ಎಳೆಸಿದ. ಗೋಲಗಳು ಸುಲಭಕ್ಕೆ ಬೇರೆಯಾಗಲಿಲ್ಲ.

ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗ ಅದರ ಗಂಟಲಲ್ಲಿ ಇಂಥ ಅರೆನಿರ್ವಾತ ತಾನಾಗಿ ಹುಟ್ಟುತ್ತದೆ. ಅಲ್ಲಿಂದ ಒಂದು ನಳಿಗೆ ಎಳೆದು, ರಬ್ಬರಿನ ಪೊರೆಯಿರುವ ಡಬ್ಬಿಗೆ ಜೋಡಿಸಿದರೆ, ಹೊರಗಿನ ಗಾಳಿ ಆ ಪೊರೆಯನ್ನು ಒತ್ತುತ್ತದೆ. ಅಂಗೈ ಅಗಲದ ಪೊರೆ, ಸುಮಾರು 50 ಚದರ ಸೆಂಟಿಮೀಟರು ಎನ್ನೋಣ, ಅರ್ಧ ನಿರ್ವಾತಕ್ಕೇ 25 ಕಿಲೋದ ಬಲ ಕೊಡುತ್ತದೆ. ಬಿಟ್ಟಿ ಸಿಗುವ ಶಕ್ತಿಯನ್ನು ಯಾರು ಬಿಟ್ಟಾರು?

ಆದರೆ ಈ ಬಿಟ್ಟಿ ಆಳಿಗೆ ಒಂದು ಚಾಳಿಯಿದೆ. ಅನೇಕ ಹಳೆಯ ಜೀಪುಗಳಲ್ಲಿ ಗಾಜು ಒರೆಸುವ ವೈಪರು ಇದೇ ಉಸಿರಿನಿಂದ ನಡೆಯುತ್ತಿತ್ತು. ಹಿರಿಯ ಓದುಗರಿಗೆ ನೆನಪಿರಬಹುದು: ಘಾಟಿಯ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ವೈಪರು ನಿಂತೇಬಿಡುತ್ತಿತ್ತು! ಇಳಿಜಾರಿನಲ್ಲಿ ಬೇಡವೆಂದರೂ ದಡದಡನೆ ಬಡಿಯುತ್ತಿತ್ತು. ಏಕೆಂದರೆ ಗಂಟಲನ್ನು ಪೂರ್ತಿ ತೆರೆದಾಗ ಗಾಳಿ ತಡೆಯಿಲ್ಲದೆ ನುಗ್ಗುತ್ತದೆ, ನಿರ್ವಾತ ಕುಗ್ಗುತ್ತದೆ. ಕೆಲಸ ಹೆಚ್ಚಿರುವಾಗಲೇ ಆಳು ಕೈಕೊಡುತ್ತಾನೆ. ಇದಕ್ಕಾಗಿ ನಿರ್ವಾತವನ್ನು ಕೂಡಿಡುವ ಡಬ್ಬಿ, ಹಿಂದಕ್ಕೆ ಬಿಡದ ವಾಲ್ವು ಮುಂತಾದುವನ್ನು ಸೇರಿಸಿದರು. ಡೀಸೆಲ್ ಎಂಜಿನ್ನಿನ ಗಂಟಲಿಗೆ ಸಾಮಾನ್ಯವಾಗಿ ಇಂಥ ಬಾಗಿಲೇ ಇಲ್ಲದ ಕಾರಣ ಅದರಲ್ಲಿ ಉಪಯೋಗಕ್ಕೆ ಬರುವಷ್ಟು ನಿರ್ವಾತ ಹುಟ್ಟುವುದಿಲ್ಲ. ಅದಕ್ಕೆ ಬೇರೆಯೇ ಒಂದು ಪಂಪು ಬೇಕು. ನಮ್ಮ ದೇಶದ ಅನೇಕ ಡೀಸೆಲ್ ಗಾಡಿಗಳಲ್ಲಿ ಆ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಅಂಟಿಕೊಂಡಿರುತ್ತದೆ. ಹೀಗೆ ಒಂದು ನಳಿಗೆಯಿಂದ ಶುರುವಾದದ್ದು ಹತ್ತು ಸಾಮಾನಾಯಿತು.

1973 ಮತ್ತು 1979ರ ತೈಲ ಬಿಕ್ಕಟ್ಟುಗಳ ತರುವಾಯ ಅಮೆರಿಕದಲ್ಲೂ ಪೆಟ್ರೋಲಿನ ಲೆಕ್ಕ ಶುರುವಾಯಿತು. ಮುಂದಿನ ಅಚ್ಚು ವೃಥಾ ತಿರುಗಬಾರದು. ಆದರೆ ಗಿರಾಕಿ ಕೆಸರಿಗೂ ಇಳಿಯಬಾರದು. ಅಮೆರಿಕನ್ ಮೋಟರ್ಸ್ ಕಂಪೆನಿ 1984ರ ಮಾದರಿಯಾಗಿ ತಂದ ಜೀಪ್ ಚೆರೋಕಿಯಲ್ಲಿ ಒಂದು ಜಾಣ ಏರ್ಪಾಡು ಇತ್ತು. ಕಾಕಾ ಕ್ಯಾಲೆಂಡರಿನ ಬೆನ್ನಿನಲ್ಲಿ ಬರೆದದ್ದು ಅದನ್ನೇ. ಮುಂದಿನ ಅಚ್ಚಿನ ಬಲಬದಿಯ ಸರಳನ್ನು ನಡುವೆ ಎರಡು ತುಂಡು ಮಾಡಿದ್ದಾರೆ. ತುಂಡುಗಳ ತುದಿಗೆ ಹಲ್ಲುಗಳಿವೆ. ಒಂದು ಉಕ್ಕಿನ ಬಳೆ ಆ ಹಲ್ಲುಗಳ ಮೇಲೆ ಸರಿದಾಡುತ್ತದೆ. ಬಳೆ ಎರಡೂ ತುಂಡುಗಳ ಮೇಲೆ ಕುಳಿತರೆ ಸರಳು ಒಂದಾಯಿತು. ಒಂದರ ಮೇಲೆ ಸರಿದರೆ ಎರಡಾಯಿತು. ಬಳೆಯನ್ನು ಸರಿಸುವುದು ಒಂದು ಕವೆಗೋಲು. ಕವೆಗೋಲನ್ನು ನೂಕುವುದು ವ್ಯಾಕ್ಯೂಮ್ ಡಬ್ಬಿ.

"ಬಲಗಡೆಯೊಂದನ್ನೇ ಬಿಡಿಸಿದರೆ ಸಾಕೇ ಕಾಕಾ? ಎಡಗಾಲಿ ಕೂಡಿಕೊಂಡೇ ಇರುತ್ತದಲ್ಲ?" ಎಂದೆ.

"ಸಾಕು. ಎಡಗಾಲಿ ಮುಂದಕ್ಕೆ ತಿರುಗಿದಾಗ ನಡುವಿನ ಸಣ್ಣ ಚಕ್ರಗಳು ಬಲಗಡೆಯ ಒಳತುಂಡನ್ನು ಹಿಂದಕ್ಕೆ ತಿರುಗಿಸುತ್ತವೆ. ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಲೆಕ್ಕ ಚುಕ್ತಾ. ದೊಡ್ಡ ಹಲ್ಲುಚಕ್ರವೂ ಪ್ರೊಪೆಲ್ಲರ್ ಶಾಫ್ಟೂ ಆರಾಮಾಗಿ ನಿದ್ದೆ ಮಾಡುತ್ತವೆ."

ಎಷ್ಟು ಸೊಗಸಾದ ಯೋಚನೆ! ಆದರೆ ಆ ಡಬ್ಬಿಗೆ ಹೋಗುವ ನಳಿಗೆಗಳು ಎಂಜಿನ್ನಿನ ಬಿಸಿಯಲ್ಲಿ ಒಣಗಿ ಬಿರಿದವು. ಟ್ರಾನ್ಸ್‌ಫರ್ ಕೇಸಿನ ಮೇಲಿನ ಸ್ವಿಚ್ಚು ಸೋರಿ ಒಳಗಿನ ಎಣ್ಣೆ ನಳಿಗೆಗಳಿಗೆ ಹತ್ತಿತು. ಪೊರೆ ಹರಿಯಿತು. 1990ರ ದಶಕದಲ್ಲಿ ಆ ಜೀಪುಗಳಲ್ಲಿ ಈ ಏರ್ಪಾಡನ್ನು ಕೈಬಿಟ್ಟರು. ಆದರೆ ವ್ಯಾಕ್ಯೂಮಿನ ಆಸೆ ಅಳಿಯಲಿಲ್ಲ. ಸುಝುಕಿಯ ಜಿಮ್ನಿ 1998ರಿಂದೀಚೆಗೆ ಗಾಲಿಯ ಗುಂಬಗಳಲ್ಲೇ ವ್ಯಾಕ್ಯೂಮ್ ಬೀಗ ಇಟ್ಟಿತು. 2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೂ ಬಂತು.

ಬಿದ್ದರೆ ಯಾವ ಕಡೆಗೆ?

ಇಷ್ಟು ಕೇಳಿದ ಮೇಲೆ, "ಹಾಗಾದರೆ ವ್ಯಾಕ್ಯೂಮೇ ಕೆಟ್ಟದ್ದೆನ್ನಿ" ಎಂದೆ. ಕಾಕಾ ತಲೆಯಾಡಿಸಿದರು. "ಇಷ್ಟು ವರ್ಷ ನಿಮ್ಮನ್ನು ಊರಿಗೆ ಕರೆದೊಯ್ದು ತಂದ ರೈಲು ಯಾವುದರಿಂದ ನಿಲ್ಲುತ್ತಿತ್ತು?" ಎಂದು ಕೇಳಿದರು.

ನಿಜವೇ. ಭಾರತದ ರೈಲುಗಳು ದಶಕಗಟ್ಟಲೆ ವ್ಯಾಕ್ಯೂಮ್ ಬ್ರೇಕಿನಿಂದಲೇ ಓಡಿದವು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕ ಗಾಡಿ ಓಡಿ, ಮರುವರ್ಷ ಹಳಿ ಕಲ್ಯಾಣ ಮುಟ್ಟಿದಾಗ ಅಂಥ ಬ್ರೇಕು ಇರಲಿಲ್ಲ. ಎಂಜಿನ್ನಿನಲ್ಲೂ ಗಾರ್ಡಿನ ಡಬ್ಬಿಯಲ್ಲೂ ಕೈಯಿಂದ ತಿರುವಿ ನಿಲ್ಲಿಸುವ ಕಾಲ. ಇಡೀ ಗಾಡಿಯುದ್ದಕ್ಕೂ ಹರಿಯುವ ವ್ಯಾಕ್ಯೂಮ್ ಬ್ರೇಕು ಬಂದದ್ದು ಆಮೇಲೆ. ಅದರ ಮೊದಲ ರೂಪದಲ್ಲಿ ಒಂದು ಘೋರ ತಪ್ಪಿತ್ತು: ನಿರ್ವಾತ ಉಂಟಾದರೆ ಬ್ರೇಕು ಹಿಡಿಯುತ್ತಿತ್ತು, ನಿರ್ವಾತ ಹೋದರೆ ಬಿಡುತ್ತಿತ್ತು.

1889ರ ಜೂನ್ 12ರಂದು ಐರ್ಲೆಂಡಿನ ಅರ್ಮಾ ಎಂಬಲ್ಲಿ ರವಿವಾರದ ಶಾಲೆಯ ಮಕ್ಕಳು ತುಂಬಿದ ವಿಹಾರದ ರೈಲು ಏರಿನಲ್ಲಿ ನಿಂತುಹೋಯಿತು. ಗಾಡಿಯ ಮುಂದಿನ ಭಾಗವನ್ನು ಮೊದಲು ಒಯ್ಯೋಣವೆಂದು ಡಬ್ಬಿಗಳ ಕೊಂಡಿ ಕಳಚಿದರು. ಕೊಂಡಿಯ ಜೊತೆಗೆ ವ್ಯಾಕ್ಯೂಮ್ ನಳಿಗೆಯೂ ಕಳಚಿತು. ಹಿಂದಿನ ಡಬ್ಬಿಗಳ ಬ್ರೇಕು ಇಲ್ಲವಾಯಿತು. ಅವು ಇಳಿಜಾರಿನಲ್ಲಿ ಹಿಂದಕ್ಕೋಡಿ, ಬೆನ್ನಹಿಂದೆ ಬರುತ್ತಿದ್ದ ಇನ್ನೊಂದು ರೈಲಿಗೆ ಬಡಿದವು. ಸುಮಾರು 80 ಮಂದಿ ಸತ್ತರು. ಅವರಲ್ಲಿ ಅನೇಕರು ಮಕ್ಕಳು. ಅದೇ ವರ್ಷ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡಿ, ಪ್ರಯಾಣಿಕರ ರೈಲಿನಲ್ಲಿ ತಾನಾಗಿ ಹಿಡಿಯುವ ಬ್ರೇಕು ಇರಲೇಬೇಕೆಂದು ವಿಧಿಸಿತು.

ತಾನಾಗಿ ಹಿಡಿಯುವುದೆಂದರೇನು? ಲೆಕ್ಕವನ್ನು ತಿರುವಿಹಾಕಿದರು, ಅಷ್ಟೆ. ನಿರ್ವಾತ ಇರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ. ನಿರ್ವಾತ ಹೋದೊಡನೆ ಹಿಡಿಯುತ್ತದೆ. ನಳಿಗೆ ಒಡೆಯಲಿ, ಕೊಂಡಿ ಕಳಚಲಿ, ಗಾಡಿ ನಿಲ್ಲುತ್ತದೆ. ನಾವು ಚೈನು ಎಳೆದರೆ ರೈಲು ನಿಲ್ಲುತ್ತಿದ್ದುದೂ ಇದರಿಂದಲೇ. ಚೈನು ಚಕ್ರವನ್ನು ಹಿಡಿಯುತ್ತಿರಲಿಲ್ಲ, ನಳಿಗೆಯೊಳಕ್ಕೆ ಗಾಳಿ ಬಿಡುತ್ತಿತ್ತು. ಮುಂದೆ 1980ರ ದಶಕದಿಂದ ಮೊದಲು ಸರಕಿನ ಗಾಡಿಗಳಲ್ಲಿ, ಬಳಿಕ ಪ್ರಯಾಣಿಕರ ಗಾಡಿಗಳಲ್ಲಿ ವ್ಯಾಕ್ಯೂಮಿನ ಬದಲು ಒತ್ತಿದ ಗಾಳಿಯ ಬ್ರೇಕು ಬಂತು. ಆದರೆ ಅರ್ಮಾದ ಪಾಠ ಬದಲಾಗಲಿಲ್ಲ. ಒತ್ತಡ ಹೋದರೆ ಬ್ರೇಕು ಹಿಡಿಯುತ್ತದೆ.

ಭಾವನವರ ಗಾಡಿಯ ರೋಗ ಈಗ ನನಗೆ ತಿಳಿಯಿತು. ಅಲ್ಲಿ ನಳಿಗೆ ಒಡೆದರೆ ಬೀಗ ಬೀಳುವುದಿಲ್ಲ. ಮುಂದಿನ ಗಾಲಿ ಬಿಟ್ಟಿದ್ದರೆ ಬಿಟ್ಟೇ ಇರುತ್ತದೆ. ಅದೂ ಗುಟ್ಟಾಗಿ. ಕೆಲವು ಗಾಡಿಗಳಲ್ಲಿ ಎದುರಿನ ದೀಪ ಹೇಳುವುದು ಟ್ರಾನ್ಸ್‌ಫರ್ ಕೇಸಿನ ಸಮಾಚಾರವನ್ನು ಮಾತ್ರ. ಗಾಲಿಯ ಸಮಾಚಾರ ಅದಕ್ಕೆ ಗೊತ್ತಿಲ್ಲ. ಬೇಸಗೆಯಲ್ಲಿ ಒಡೆದ ನಳಿಗೆ ಆಷಾಢದ ರಾತ್ರಿಯವರೆಗೂ ಬಾಯಿ ಬಿಡುವುದಿಲ್ಲ. ಯಂತ್ರ ಕೆಡುವುದು ತಪ್ಪಲ್ಲ, ಎಲ್ಲ ಯಂತ್ರಗಳೂ ಕೆಡುತ್ತವೆ. ಕೆಟ್ಟಾಗ ಅದು ಯಾವ ಕಡೆಗೆ ಬೀಳುತ್ತದೆ, ಕೆಟ್ಟದ್ದನ್ನು ಮೊದಲೇ ಹೇಳುತ್ತದೆಯೋ ಇಲ್ಲವೋ ಎಂಬುದೇ ಪ್ರಶ್ನೆ.

ತಂತಿಯ ದಾರಿ

ಅಮೆರಿಕದಲ್ಲಿ ಹಳೆಯ ಚೆರೋಕಿಗಳನ್ನು ಇಟ್ಟುಕೊಂಡವರು ಇದಕ್ಕೆ ಹಲವು ಮದ್ದು ಮಾಡಿದರು. ಕೆಲವರು ತುಂಡಾದ ಸರಳನ್ನೇ ತೆಗೆದು ಅಖಂಡ ಸರಳು ಹಾಕಿಸಿದರು. ಬೀಗದ ಚಿಂತೆಯೂ ಹೋಯಿತು, ಉಳಿತಾಯವೂ ಹೋಯಿತು. ಹಲವರು ವ್ಯಾಕ್ಯೂಮ್ ಡಬ್ಬಿಯನ್ನು ಕಿತ್ತು, ಕವೆಗೋಲಿಗೆ ಒಂದು ತಂತಿ ಜೋಡಿಸಿದರು. ಸೈಕಲ್ಲಿನ ಬ್ರೇಕಿನಲ್ಲಿರುವಂತೆ ಕವಚದೊಳಗೆ ಓಡುವ ತಂತಿ, ಆದರೆ ಎಳೆಯುವುದಕ್ಕೂ ನೂಕುವುದಕ್ಕೂ ಬರುವಷ್ಟು ಗಟ್ಟಿ. ಅದು ಎಂಜಿನ್ನಿನ ಹಿಂದಿನ ತಗಡನ್ನು ದಾಟಿ ಚಾಲಕನ ಬಳಿಗೆ ಬರುತ್ತದೆ. ತುದಿಯಲ್ಲೊಂದು ಹಿಡಿ. ಎಳೆದರೆ ಬಳೆ ಕೂಡುತ್ತದೆ, ನೂಕಿದರೆ ಬಿಡುತ್ತದೆ.

ತಂತಿ ಕೂರಿಸುವಾಗ ನೋಡಿಕೊಳ್ಳಬೇಕಾದ ವಿಷಯಗಳನ್ನು ಕಾಕಾ ಬೆರಳು ಮಡಚಿ ಎಣಿಸಿದರು. ತಂತಿಗೆ ಚೂಪಾದ ತಿರುವು ಇರಕೂಡದು. ಸೈಲೆನ್ಸರಿನ ಬಿಸಿ ತಾಗಕೂಡದು. ಅಚ್ಚು ಮೇಲೆಕೆಳಗೆ ಆಡುವಾಗ ಎಳೆಯದಂತೆ ಸ್ವಲ್ಪ ಸಡಿಲ ಬಿಡಬೇಕು. ತಗಡಿನ ತೂತಿಗೆ ರಬ್ಬರಿನ ಬಳೆ ಹಾಕದಿದ್ದರೆ ಅಂಚು ಕವಚವನ್ನು ಕತ್ತರಿಸುತ್ತದೆ. ಅಚ್ಚಿನ ಮುಚ್ಚಳ ನೀರು ಹೋಗದಂತೆ ಕೂರಬೇಕು. ಇಲ್ಲದಿದ್ದರೆ ಹಳ್ಳ ದಾಟುವಾಗ ಎಣ್ಣೆಗೆ ನೀರು ಸೇರುತ್ತದೆ. ಇನ್ನು ನಡೆಸುವ ರೀತಿ: ಓಡುವಾಗ ಎಳೆಯಬಾರದು. ಆಗ ಹೊರತುಂಡು ಮುಂದಕ್ಕೂ ಒಳತುಂಡು ಹಿಂದಕ್ಕೂ ತಿರುಗುತ್ತಿರುವುದರಿಂದ ಹಲ್ಲು ಹಲ್ಲನ್ನು ಕಡಿಯುತ್ತದೆ. ಗಾಡಿ ನಿಲ್ಲಿಸಿ ಎಳೆಯಬೇಕು. ಹಲ್ಲು ಕೂಡದಿದ್ದರೆ ಗಾಡಿಯನ್ನು ಒಂದು ಗೇಣು ಉರುಳಿಸಬೇಕು, ಟಕ್ಕೆಂದು ಕೂರುತ್ತದೆ.

ತಂತಿಯಿಂದ ಒಂದು ಹೆಚ್ಚಿನ ಲಾಭವೂ ಉಂಟು. ಬಳೆಯನ್ನು ಬಿಡಿಸಿಟ್ಟುಕೊಂಡೇ ಟ್ರಾನ್ಸ್‌ಫರ್ ಕೇಸನ್ನು ಲೋಗೆ ಹಾಕಬಹುದು. ಇಕ್ಕಟ್ಟಿನ ಅಂಗಳದಲ್ಲಿ ಭಾರದ ಗಾಡಿಯನ್ನು ಇಂಚಿಂಚಾಗಿ ಹಿಂದಕ್ಕೆ ತೆಗೆಯುವವನಿಗೆ ಇದರ ಬೆಲೆ ಗೊತ್ತು.

ತಂತಿ ಕೆಡುವುದಿಲ್ಲವೇ? ಕೆಡುತ್ತದೆ. ತುಕ್ಕು ಹಿಡಿದು ಬಿಗಿಯುತ್ತದೆ. ಆದರೆ ಬಿಗಿಯುವ ಮೊದಲು ಕೈಗೆ ಹೇಳುತ್ತದೆ. ಹಿಡಿ ಇಂದು ಸ್ವಲ್ಪ ಗಟ್ಟಿಯಾಯಿತಲ್ಲ ಎಂದು ತಿಳಿದವನು ನಾಳೆ ಎಣ್ಣೆ ಬಿಡುತ್ತಾನೆ. ಇದೇ ಅದರ ಗುಣ. ದೋಷವೆಂದರೆ ಮನುಷ್ಯನ ಮರೆವು. ಕೂಡಿಸಿದ್ದನ್ನು ಬಿಡಿಸಲು ಮರೆತರೆ ಮುಂದಿನ ಅಚ್ಚು ವೃಥಾ ತಿರುಗಿ ಸವೆಯುತ್ತದೆ. ಟ್ರಾನ್ಸ್‌ಫರ್ ಕೇಸನ್ನೂ ಫೋರ್‌ವೀಲಿನಲ್ಲೇ ಬಿಟ್ಟು ಒಣ ಡಾಂಬರಿನ ಮೇಲೆ ಓಡಿಸಿದರಂತೂ ತಿರುವಿನಲ್ಲಿ ಮುಂದಿನ ಹಿಂದಿನ ಅಚ್ಚುಗಳು ಒಂದನ್ನೊಂದು ಹಿಂಡಿ, ಮುರಿಯುವವರೆಗೂ ಬಂದೀತು. ವ್ಯಾಕ್ಯೂಮ್ ನಮ್ಮ ಮರೆವನ್ನು ತಾನು ಹೊತ್ತಿತ್ತು. ಅದಕ್ಕೆ ಆ ಮಟ್ಟಿನ ಕೃತಜ್ಞತೆ ಸಲ್ಲಬೇಕು.

ಮತ್ತೆ ಕಳಸಕ್ಕೆ

ಭಾವನವರ ಗಾಡಿಯಲ್ಲಿ ವ್ಯಾಕ್ಯೂಮ್ ಇದ್ದದ್ದು ಅಚ್ಚಿನ ನಡುವೆ ಅಲ್ಲ, ಗಾಲಿಯ ಗುಂಬಗಳಲ್ಲಿ. ತಿರುಗುವ ಗಾಲಿಗೆ ತಂತಿ ಕಟ್ಟುವಂತಿಲ್ಲ. ಆದ್ದರಿಂದ ಅವರಿಗಿದ್ದ ಮಾರ್ಗ ಒಂದೇ: ಆರ್ಥರ್ ವಾರ್ನರ ಕಾಲದ ಕೈಬಿಲ್ಲೆಗೆ ಹಿಂದಿರುಗುವುದು. ಕುರ್ಲಾದ ಬಿಡಿಭಾಗಗಳ ಅಂಗಡಿಗಳಲ್ಲಿ ಎರಡು ರವಿವಾರ ಅಲೆದೆ. ಕಾಕಾನ ಮಗನನ್ನೇ ಜೊತೆಗೆ ಕರೆದೊಯ್ದು, ಹಲ್ಲು ಎಣಿಸಿ, ಅಳತೆ ನೋಡಿ, ಒಂದು ಜೊತೆ ಕೊಂಡು ಬಸ್ಸಿನಲ್ಲಿ ಕಳಿಸಿದೆ. ಹೊಸ ಗಾಡಿಯಾದರೆ ಇಂಥ ಬದಲಾವಣೆ ಮಾಡುವ ಮೊದಲು ವಾರಂಟಿಯ ಕಾಗದ ಓದಿಕೊಳ್ಳಬೇಕೆಂದು ಆತ ಎಚ್ಚರಿಸಿದ್ದನ್ನು ಇಲ್ಲಿ ಹೇಳಿಬಿಡುತ್ತೇನೆ.

ಬಿಲ್ಲೆ ಕೂರಿಸಿದ ಸುದ್ದಿ ಕೇಳಿ ಅಕ್ಕ ಫೋನಿನಲ್ಲಿ ತಕರಾರು ತೆಗೆದಳು. "ಒಳ್ಳೆ ಕೆಲಸ ಮಾಡಿದಿರಿ ಇಬ್ಬರೂ! ಇನ್ನು ಮಳೆಯಲ್ಲಿ ಇಳಿದು ಅದನ್ನು ತಿರುಗಿಸುವವರು ಯಾರು, ನಾನೋ?"

ಪ್ರಶ್ನೆ ನ್ಯಾಯವಾದದ್ದು. ನಾನು ಅದನ್ನು ಕಾಕಾನ ಮುಂದಿಟ್ಟೆ. ಅವರು, "ಮಳೆಗಾಲಕ್ಕೆ ಮೊದಲು ಛಾವಣಿಗೆ ತಾಡಪತ್ರಿ ಹಾಕುತ್ತೀರಲ್ಲ, ಪ್ರತಿ ಮಳೆಗೂ ಹತ್ತಿ ಹಾಕುತ್ತೀರಾ?" ಎಂದರು. ಮಳೆಗಾಲ ಹಿಡಿಯುವಾಗ ಒಮ್ಮೆ ಬಿಲ್ಲೆ ತಿರುಗಿಸಿ ಬಿಡಬೇಕು. ಕಾಲ ಮುಗಿಯುವವರೆಗೂ ಅದು ಹಾಗೇ ಇರಲಿ. ಫೋರ್‌ವೀಲ್ ಬೇಕಾದಾಗ ಕುಳಿತಲ್ಲಿಂದ ಲಿವರ್ ಹಾಕಿದರಾಯಿತು. ನಾಲ್ಕು ತಿಂಗಳು ಸ್ವಲ್ಪ ಡೀಸೆಲ್ ಹೆಚ್ಚು ಖರ್ಚಾದೀತು. ಆದರೆ ನಡುರಾತ್ರಿ ಗಾಲಿ ತಿರುಗೀತೋ ಇಲ್ಲವೋ ಎಂಬ ಸಂಶಯ ಇರುವುದಿಲ್ಲ.

ಈಗ ಭಾವನವರ ಮನೆಯಲ್ಲಿ ಅದೊಂದು ಕ್ರಮವೇ ಆಗಿದೆ. ಮೃಗಶಿರಾ ಮಳೆ ಹುಟ್ಟುವ ಮೊದಲು ಕಟ್ಟಿಗೆ ಒಳಗಿಟ್ಟು, ಹಪ್ಪಳ ಒಣಗಿಸಿ, ಗಾಡಿಯ ಬಿಲ್ಲೆ ತಿರುಗಿಸುವುದು. ದೀಪಾವಳಿಯ ದಿನ ಗಾಡಿ ತೊಳೆದು ಪೂಜೆ ಮಾಡಿ ಬಿಲ್ಲೆ ಬಿಡಿಸುವುದು. ತಿರುಗಿಸುವ ಅಧಿಕಾರ ಅಕ್ಕನ ಹತ್ತು ವರ್ಷದ ಮೊಮ್ಮಗನದು. ತಿರುಗಿಸಿದ ಮೇಲೆ ಜಾಕಿನ ಮೇಲೆ ಗಾಲಿ ಎತ್ತಿ, ಕೈಯಿಂದ ತಿರುವಿ, ಒಳಗಿನ ಸರಳೂ ತಿರುಗುತ್ತದೆಯೋ ಎಂದು ಅವನೇ ಬಗ್ಗಿ ನೋಡುತ್ತಾನಂತೆ.

ನಮ್ಮ ಮಕ್ಕಳು ಡೊಂಬಿವಿಲಿ, ಠಾಣೆಯ ಮಾಳಿಗೆ ಮನೆಗಳಲ್ಲಿ ಗುಂಡಿ ಒತ್ತಿ ಬೆಳೆದವರು. ಗುಂಡಿ ಒತ್ತುವುದು ತಪ್ಪೆಂದು ನಾನು ಹೇಳುತ್ತಿಲ್ಲ, ನಾನೂ ಒತ್ತುತ್ತೇನೆ. ಆದರೆ ಆ ಗುಂಡಿಯ ಹಿಂದೆ ಒಂದು ನಳಿಗೆಯೋ ತಂತಿಯೋ ಇದೆ, ಅದು ಕೆಟ್ಟರೆ ಯಾವ ಕಡೆಗೆ ಬೀಳುತ್ತದೆ ಎಂದು ಒಮ್ಮೆಯಾದರೂ ಬಗ್ಗಿ ನೋಡುವ ಅಭ್ಯಾಸವನ್ನು ಅವರಿಗೆ ಕಲಿಸಬೇಕು. ಬರುವ ಬೇಸಗೆ ರಜೆಗೆ ಊರಿಗೆ ಹೋದಾಗ ನನ್ನ ಮೊಮ್ಮಕ್ಕಳನ್ನು ಆ ಗಾಡಿಯ ಅಡಿಗೆ ಮಲಗಿಸಿ ತೋರಿಸುವುದೆಂದು ಎಣಿಸಿದ್ದೇನೆ. ಬಟ್ಟೆ ಕೊಳೆಯಾದೀತು, ಅದಕ್ಕೆ ಅವರ ಅಮ್ಮನ ಬೈಗುಳವನ್ನು ನಾನೇ ತಿನ್ನುತ್ತೇನೆ.